ಹೂವು ರೆಪ್ಪೆ ಮೇಲಿರಲಿ, ಕಣ್ಣೊಳಗೆ ಬೇಡ

ನಮಸ್ಕಾರ. ಇವತ್ತು ಕ್ಯಾಮೆರಾ ಸ್ವಲ್ಪ ದೂರ ಇಟ್ಟಿದ್ದೇನೆ, ಯಾಕೆ ಅಂತ ಮುಖ ನೋಡಿದರೇ ಗೊತ್ತಾಗುತ್ತೆ. ರಾತ್ರಿ ಎರಡು ಗಂಟೆವರೆಗೂ ಎಡಿಟಿಂಗ್, ಜೊತೆಗೆ ಒಂದು ದೊಡ್ಡ ಪ್ಯಾಕೆಟ್ ಚಿಪ್ಸ್. ಬೆಳಗ್ಗೆ ಎದ್ದರೆ ಎರಡೂ ಕಣ್ಣು ಊದಿ ಬೋಂಡಾ.

ನಮ್ಮ ಹಾಸನದಲ್ಲಿ ಇಂಥ ಮುಖ ಹೊತ್ತುಕೊಂಡು ಹಾಲು ತರೋಕೆ ಹೋದರೆ, ವಾಪಸ್ ಬರೋಷ್ಟರಲ್ಲಿ ಮೂರು ಔಷಧಿ ಸಿಕ್ಕಿರುತ್ತೆ. ಪಕ್ಕದ ಮನೆ ಆಂಟಿ ಸೌತೆಕಾಯಿ ಅನ್ನುತ್ತಾರೆ. ಅಂಗಡಿಯವರು ಟೀ ಸೊಪ್ಪು ಕುದಿಸಿ, ಆರಿಸಿ, ಅದರಲ್ಲಿ ಬಟ್ಟೆ ಅದ್ದಿ ಇಡು ಅನ್ನುತ್ತಾರೆ. ಇನ್ನೊಬ್ಬರು ಆಲೂಗಡ್ಡೆ ಬಿಲ್ಲೆ ಅಂತಾರೆ, ಅದಕ್ಕೇನು ಬರ ನಮ್ಮೂರಲ್ಲಿ! ಬಿತ್ತನೆಗೆ ಅಂತ ಪಂಜಾಬಿನ ಜಲಂಧರ್‌ನಿಂದ ಬಂದ ಗಡ್ಡೆಗೆ ಮಾತ್ರ ಕೈ ಹಾಕಬೇಡಿ ಮಾರಾಯ್ರೇ, ಅದಕ್ಕೆ ಔಷಧಿ ಹೊಡೆದಿರಬಹುದು.

ನಮ್ಮಮ್ಮ ಇದ್ಯಾವುದನ್ನೂ ಹೇಳುವುದಿಲ್ಲ. ಸುಮ್ನೆ ಹಿತ್ತಲಿಗೆ ಹೋಗಿ ನಾಲ್ಕು ನಂದಿಬಟ್ಟಲು ಕಿತ್ತು ತರುತ್ತಾರೆ. ತೊಟ್ಟು ಮುರಿದ ಕಡೆ ಬಿಳಿ ಹಾಲು ಒಸರುತ್ತೆ ನೋಡಿ, ಅದು ಕಣ್ಣಿಗೆ ಬಿದ್ದರೆ ಉರಿ. ಅದಕ್ಕೇ ತೊಟ್ಟನ್ನು ಪೂರ್ತಿ ಚಿವುಟಿ, ಎಸಳನ್ನು ಮೂರು ನಾಲ್ಕು ನೀರಲ್ಲಿ ಜಾಲಿಸುತ್ತಾರೆ. ಮುಚ್ಚಿದ ರೆಪ್ಪೆ ಮೇಲೆ ಮೊದಲು ಒದ್ದೆ ಬಟ್ಟೆ, ಬಟ್ಟೆ ಮೇಲೆ ಹೂವು. "ಇಪ್ಪತ್ತು ನಿಮಿಷ ಕಣ್ಣು ಬಿಡಬೇಡ. ಫೋನ್ ಇಲ್ಲಿ ಕೊಡು."

ನನ್ನ ಪ್ರಕಾರ ಆ ಫೋನ್ ಕಿತ್ತುಕೊಳ್ಳೋದೇ ಅರ್ಧ ಔಷಧಿ. ರೆಪ್ಪೆ ಚರ್ಮ ಮೈಯಲ್ಲೆಲ್ಲಾ ತೀರಾ ತೆಳು. ಉಪ್ಪು ಜಾಸ್ತಿ ತಿಂದು ಅಂಗಾತ ಮಲಗಿದರೆ ನೀರು ಅಲ್ಲೇ ತುಂಬಿಕೊಳ್ಳುತ್ತೆ, ಎದ್ದು ಓಡಾಡಿದರೆ ತಾನಾಗೇ ಇಳಿಯುತ್ತೆ, ತಂಪು ತಗುಲಿದರೆ ರಕ್ತನಾಳ ಕಿರಿದಾಗಿ ಇನ್ನೂ ಬೇಗ ಇಳಿಯುತ್ತೆ. ಫ್ರಿಜ್ಜಿನಲ್ಲಿಟ್ಟ ಚಮಚ ಕೂಡ ಅದೇ ಕೆಲಸ ಮಾಡುತ್ತೆ, ಆದರೆ ಚಮಚಕ್ಕೆ ಹೂವಿನ ಸುಖ ಎಲ್ಲಿಂದ ಬರಬೇಕು, ಅಲ್ವಾ?

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ರೀಲ್ಸ್‌ನಲ್ಲಿ ಈರುಳ್ಳಿ ರಸ, ಸೊಪ್ಪಿನ ರಸ, ಜೇನುತುಪ್ಪ ಎಲ್ಲಾ ಕಣ್ಣಿನೊಳಗೇ ಹಿಂಡಿ ಅಂತಾರಲ್ಲ, ಅದಕ್ಕೆ. ಏಳನೇ ಕ್ಲಾಸಲ್ಲಿ ನನಗೆ ಕಣ್ಣುಬೇನೆ ಬಂದಾಗ ಯಾರದೋ ಮಾತು ಕೇಳಿ ಸೊಪ್ಪಿನ ರಸ ಬಿಟ್ಟುಕೊಂಡೆ. ಮೂರು ದಿನ ಕಿಟಕಿ ಕಡೆ ತಿರುಗೋಕೆ ಆಗಲಿಲ್ಲ. ನನ್ನದು ಅಷ್ಟಕ್ಕೇ ಮುಗಿಯಿತು. ಆದರೆ ಹಸಿ ರಸದ ಜೊತೆ ಬೂಷ್ಟಿನಂಥ ಕ್ರಿಮಿ ಒಳಗೆ ಹೋದರೆ ಕರಿಗುಡ್ಡೆ ಮೇಲೆ ಹುಣ್ಣಾಗಬಹುದು, ಹುಣ್ಣು ಮಾಯ್ದರೂ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಇನ್ನು ಒಂದೇ ಕಣ್ಣು ಊದಿದೆ, ನೋವಿದೆ, ನೋಟ ಮಬ್ಬಾಗಿದೆ ಅಂದರೆ ಹೂವು ಗೀವು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದಿನಾ ಬೆಳಗ್ಗೆ ಮುಖ ಊದಿ, ಕಾಲೂ ಊದುತ್ತಿದ್ದರೆ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಸರಿ, ಅಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ನಂದಿಬಟ್ಟಲಿನ ಬಟ್ಟಲು, ಇನ್ನೊಂದು ಕೈ ಫೋನಿಗೆ ಚಾಚಿದೆ. ಕೊಡ್ತೀನಿ ಅಮ್ಮ, ಒಂದೇ ನಿಮಿಷ.