ಕಾರ್ಡಿಗೊಂದು ಕಂಠ

ಕೇಳುಗರಿಗೆ ನಮಸ್ಕಾರ.

ಸೆಂಟ್ರಿಂಗ್ ಹಲಗೆಯ ಮೇಲೆ ಕೂತು ಕಂಬಿ ಕಟ್ಟುವವರ ಕೈ ಖಾಲಿ ಇರುವುದಿಲ್ಲ. ಬಿಸಿಲಿನಲ್ಲಿ ಫೋನಿನ ಪರದೆಯೂ ಕಾಣುವುದಿಲ್ಲ. ಕಚೇರಿಯಲ್ಲಿರುವ ಎಂಜಿನಿಯರ್ ಮಾತ್ರ ನಾಳೆಯ ಕೆಲಸವನ್ನೆಲ್ಲ ಟ್ರೆಲ್ಲೊದಂಥ ತಂತ್ರಾಂಶದಲ್ಲಿ ಕಾರ್ಡುಗಳಾಗಿ ಬರೆದು, ವಿಷಯ ಎಲ್ಲರಿಗೂ ಮುಟ್ಟಿತು ಎಂದುಕೊಂಡಿರುತ್ತಾರೆ. ಆ ಕಾರ್ಡು ಕನ್ನಡದಲ್ಲಿ ಮಾತಾಡಿ ಮೇಸ್ತ್ರಿಯ ಫೋನಿಗೆ ಹೋಗುವಂತೆ ಮಾಡಬಹುದು. ಅದಕ್ಕೆ ಪ್ರೋಗ್ರಾಮಿಂಗ್ ಕಲಿಯಬೇಕಿಲ್ಲ. ಜೋಡಣೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಬೇರೆ ಕಡೆ: ಕಣ್ಣಿಗೆಂದು ಬರೆದದ್ದನ್ನು ಕಿವಿಗೆ ಒಗ್ಗಿಸುವುದರಲ್ಲಿ. ರೇಡಿಯೊದಲ್ಲಿ ಕೆಲಸ ಮಾಡುವವರಿಗೆ ಇದು ಹಳೆಯ ಪಾಠ.

ಬೇಕಾದವು ನಾಲ್ಕು. ಕೆಲಸದ ಪಟ್ಟಿಗೆ ಟ್ರೆಲ್ಲೊ. ನಡುವೆ ನಿಂತು ಒಂದರಿಂದ ತೆಗೆದು ಇನ್ನೊಂದಕ್ಕೆ ಕೊಡಲು ಎನ್-ಏಟ್-ಎನ್ ಎಂಬ ಆಟೊಮೇಶನ್ ತಂತ್ರಾಂಶ. ಝೇಪಿಯರ್, ಮೇಕ್ ಕೂಡ ಇದೇ ಜಾತಿಯವು. ಬರಹವನ್ನು ದನಿ ಮಾಡಲು ಗೂಗಲ್ ಕ್ಲೌಡ್‌ನ ಟೆಕ್ಸ್ಟ್-ಟು-ಸ್ಪೀಚ್ ಸೇವೆ. ಕೊನೆಗೆ ಟೆಲಿಗ್ರಾಂ ಗುಂಪು. ಎಲ್ಲರ ಫೋನಿನಲ್ಲೂ ಇರುವ ವಾಟ್ಸಾಪ್ ಏಕಲ್ಲ ಎಂದು ಕೇಳಬಹುದು. ವಾಟ್ಸಾಪ್‌ನ ವ್ಯಾಪಾರಿ ಸೇವೆಯಲ್ಲಿ, ಎದುರಿನವರು ಸಂದೇಶ ಕಳಿಸಿ 24 ಗಂಟೆ ದಾಟಿದರೆ, ಮೊದಲೇ ಒಪ್ಪಿಗೆ ಪಡೆದ ಸಿದ್ಧ ನಮೂನೆಯನ್ನಷ್ಟೇ ಕಳಿಸಲು ಬರುತ್ತದೆ. ದಿನಕ್ಕೊಂದು ಹೊಸ ಸುದ್ದಿ ಹೇಳುವ ನಮ್ಮ ಕೆಲಸಕ್ಕೆ ಅದು ಕಾಲಿಗೆ ಕಟ್ಟಿದ ಹಗ್ಗ. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ನಾಲ್ಕು ಸಾಲು ಬರೆದರೆ ಬಾಟ್, ಅಂದರೆ ತಾನಾಗಿ ಸಂದೇಶ ಕಳಿಸುವ ಖಾತೆ, ಸಿದ್ಧ, ಅದನ್ನು ಗುಂಪಿಗೆ ಸೇರಿಸಿದರಾಯಿತು.

ಟ್ರೆಲ್ಲೊ ಬೋರ್ಡಿನಲ್ಲಿ 'ಸೈಟಿಗೆ ಹೇಳಿ' ಎಂಬ ಹೊಸ ಲಿಸ್ಟ್ ಮಾಡಿ. ಕಾರ್ಡನ್ನು ಆ ಲಿಸ್ಟಿಗೆ ಎಳೆದಾಗ ಮಾತ್ರ ದನಿ ಹೊರಡಬೇಕು. ಎನ್-ಏಟ್-ಎನ್‌ನಲ್ಲಿ ಕೆಲಸವನ್ನು ಒಂದಕ್ಕೊಂದು ಜೋಡಿಸಿದ ಕೊಂಡಿಗಳ ಸರಪಳಿಯಾಗಿ ಕಟ್ಟಬೇಕು. ಮೊದಲ ಕೊಂಡಿ ಟ್ರೆಲ್ಲೊ ಟ್ರಿಗರ್, ಅಂದರೆ ಸರಪಳಿಯನ್ನು ಶುರು ಮಾಡುವುದು. ಇದು ಬೋರ್ಡಿನಲ್ಲಿ ಏನೇ ಅಲುಗಾಡಿದರೂ ಎದ್ದು ಕೂರುತ್ತದೆ: ಯಾರೋ ಕಾಮೆಂಟ್ ಹಾಕಿದರೂ ಸರಿ, ಲೇಬಲ್ ಬದಲಿಸಿದರೂ ಸರಿ. ಆದ್ದರಿಂದ ಎರಡನೆಯದಾಗಿ ಒಂದು ಫಿಲ್ಟರ್ ಬೇಕೇ ಬೇಕು. ಬಂದ ಮಾಹಿತಿಯಲ್ಲಿ 'ಲಿಸ್ಟ್ ಆಫ್ಟರ್' ಎಂಬ ಭಾಗದ ಹೆಸರು 'ಸೈಟಿಗೆ ಹೇಳಿ' ಎಂದಿದ್ದರೆ ಮಾತ್ರ ಮುಂದೆ ಬಿಡಬೇಕು. ಇಲ್ಲೊಂದು ಗುಂಡಿ ಇದೆ. ಕಾರ್ಡನ್ನು ಬೇರೆಡೆಯಿಂದ ಎಳೆಯದೆ ನೇರವಾಗಿ ಆ ಲಿಸ್ಟಿನಲ್ಲೇ ಹುಟ್ಟಿಸಿದರೆ, ಟ್ರೆಲ್ಲೊ ಅದನ್ನು 'ಕ್ರಿಯೇಟ್ ಕಾರ್ಡ್' ಎಂದು ಕಳಿಸುತ್ತದೆ. ಅದರಲ್ಲಿ 'ಲಿಸ್ಟ್ ಆಫ್ಟರ್' ಇರುವುದೇ ಇಲ್ಲ. ಫಿಲ್ಟರ್ ಸದ್ದಿಲ್ಲದೆ ತಡೆಯುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ. ಕಚೇರಿಯವರಿಗೆ 'ಎಳೆದೇ ತನ್ನಿ' ಎಂದು ಹೇಳಿಡಿ, ಇಲ್ಲವೇ ಫಿಲ್ಟರಿಗೆ ಎರಡನೇ ಷರತ್ತು ಸೇರಿಸಿ.

ಟ್ರಿಗರ್ ತರುವುದು ಕಾರ್ಡಿನ ಗುರುತು ಸಂಖ್ಯೆ, ಶೀರ್ಷಿಕೆ, ಏನು ಬದಲಾಯಿತು ಎಂಬ ಸುದ್ದಿ, ಅಷ್ಟೇ. ವಿವರಣೆ, ಗಡುವು ಬೇಕಾದರೆ ಮೂರನೇ ಕೊಂಡಿಯಾಗಿ ಟ್ರೆಲ್ಲೊದ 'ಗೆಟ್ ಕಾರ್ಡ್' ಹಾಕಿ ಇಡೀ ಕಾರ್ಡನ್ನು ತರಿಸಬೇಕು. ಹಾಗೆ ತರಿಸಿದರೂ ಕೆಲಸ ಯಾರಿಗೆ ಎಂಬ ಜಾಗದಲ್ಲಿ ಹೆಸರು ಬರುವುದಿಲ್ಲ, 24 ಅಕ್ಷರಗಳ ಸಂಕೇತ ಬರುತ್ತದೆ. ಅದನ್ನು ಹಾಗೆಯೇ ದನಿಗೆ ಕೊಟ್ಟರೆ ಯಂತ್ರ ಆ ಅಂಕಿ-ಅಕ್ಷರಗಳನ್ನೆಲ್ಲ ಶ್ರದ್ಧೆಯಿಂದ ಓದುತ್ತದೆ. ಯಾವ ಸಂಕೇತ ಯಾರದು ಎಂಬ ಪುಟ್ಟ ಪಟ್ಟಿಯೊಂದನ್ನು, ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದು, ಇಟ್ಟುಕೊಳ್ಳಿ.

ಇನ್ನು ನಾಲ್ಕನೇ ಕೊಂಡಿ, ಅಂದರೆ ಬರಹವನ್ನು ಮಾತಿಗೆ ಹದ ಮಾಡುವುದು. ಮುಕ್ಕಾಲು ಪಾಲು ಕೆಲಸ ಇಲ್ಲಿಯೇ.

ಕಾರ್ಡನ್ನು ಇದ್ದ ಹಾಗೆ ಓದಿಸಲು ಹೋಗಬೇಡಿ. ಕಾರ್ಡಿನಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ, ವೆಬ್ ವಿಳಾಸ ಇರುತ್ತದೆ, '12 ಎಂಎಂ, 150 ಸಿ ಬೈ ಸಿ' ಎಂಬ ಎಂಜಿನಿಯರ್ ಭಾಷೆ ಇರುತ್ತದೆ. ಅದರಿಂದ ಬೇಕಾದ್ದನ್ನು ಆರಿಸಿ ವಾಕ್ಯ ಕಟ್ಟಬೇಕು. ಅಚ್ಚು ಹೀಗಿರಲಿ: ಯಾರಿಗೆ, ಎಲ್ಲಿ, ಏನು, ಎಷ್ಟು, ಯಾವಾಗ. 'ಮಂಜಣ್ಣ, ಎರಡನೇ ಮಹಡಿ. ಅಡುಗೆಮನೆ ಮೇಲಿನ ಸ್ಲ್ಯಾಬಿಗೆ ಕಂಬಿ ಕಟ್ಟಬೇಕು. ಹನ್ನೆರಡು ಎಂಎಂ ಕಂಬಿ, ಒಂದರಿಂದ ಒಂದಕ್ಕೆ ಆರು ಇಂಚು. ಶುಕ್ರವಾರ ಸಂಜೆ ನಾಲ್ಕಕ್ಕೆ ಮುಗಿಯಬೇಕು.' 150 ಮಿಲಿಮೀಟರನ್ನು ಆರು ಇಂಚು ಎಂದದ್ದು ಬೇಕೆಂದೇ. ಸೈಟಿನ ಬಾಯಲ್ಲಿರುವ ಅಳತೆ ಅದು. ಇಂಥ ಪದಗಳಿಗೆ ಎರಡು ಕಾಲಂನ ಬದಲಿ ಪಟ್ಟಿಯೊಂದನ್ನು ಗೂಗಲ್ ಶೀಟಿನಲ್ಲಿ ಮಾಡಿ. ಎಡಕ್ಕೆ ಕಾರ್ಡಿನ ಪದ, ಬಲಕ್ಕೆ ಆಡುವ ಪದ. ಮೂವತ್ತು ಸಾಲಿನಿಂದ ಆರಂಭಿಸಿದರೆ ಸಾಕು, ಪಟ್ಟಿ ತಾನೇ ಬೆಳೆಯುತ್ತದೆ. ಉದ್ದ ಪದ ಮೇಲೆ, ಗಿಡ್ಡ ಪದ ಕೆಳಗೆ ಇರಲಿ. ಇಲ್ಲದಿದ್ದರೆ ಗಿಡ್ಡದು ಮೊದಲೇ ಉದ್ದದರ ಹೊಟ್ಟೆ ಬಗೆದುಬಿಡುತ್ತದೆ. '3-4' ಎಂಬಂಥ ಅಡ್ಡಗೆರೆಗಳನ್ನು 'ಮೂರರಿಂದ ನಾಲ್ಕು' ಎಂದೇ ಬರೆಯಿಸಿ.

ಗಡುವಿನ ದಿನಾಂಕವನ್ನು ಟ್ರೆಲ್ಲೊ ಕೊಡುವುದು ಅಂತರರಾಷ್ಟ್ರೀಯ ಕಾಲಮಾನದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಂಜೆ ಆರರ ಗಡುವು ಅಲ್ಲಿ ಹನ್ನೆರಡೂವರೆ ಆಗಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮೋಲ್ಡ್ ಹಾಕಲು ಶುರು ಎಂದಿದ್ದರೆ ತಾರೀಖೇ ಹಿಂದಿನ ದಿನದ್ದಾಗುತ್ತದೆ; ಮಿಕ್ಸರ್ ಬಂದು ನಿಲ್ಲುವ ದಿನವೇ ತಪ್ಪುತ್ತದೆ. ದಿನಾಂಕವನ್ನು ಬರೆಯಿಸುವ ಸೂತ್ರದಲ್ಲಿ ಸಮಯ ವಲಯವನ್ನು 'ಏಷ್ಯಾ ಕೋಲ್ಕತಾ' ಎಂದು ಬಾಯಿಬಿಟ್ಟು ಹೇಳಿ. ಎನ್-ಏಟ್-ಎನ್ ಅನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಂಡರೆ ಅದು ತಾನಾಗಿ ಹಿಡಿಯುವ ಸಮಯ ನ್ಯೂಯಾರ್ಕಿನದು, ಅದನ್ನೂ ಬದಲಿಸಿ. ಭಾಷೆಯ ಸಂಕೇತ 'ಕೆ ಎನ್' ಎಂದು ಕೊಟ್ಟರೆ ವಾರದ ಹೆಸರು ಕನ್ನಡದಲ್ಲೇ ಬರುತ್ತದೆ. ಗಡುವೇ ಇಲ್ಲದ ಕಾರ್ಡಿಗೆ ಬೇರೆ ದಾರಿ ಮಾಡಿಡದಿದ್ದರೆ, ಗುಂಪಿನಲ್ಲಿ ಎಲ್ಲರಿಗೂ 'ಇನ್‌ವ್ಯಾಲಿಡ್ ಡೇಟ್‌ಟೈಮ್' ಎಂಬ ಘೋಷಣೆ ಕೇಳಿಸುತ್ತದೆ.

ಐದನೇ ಕೊಂಡಿ ಗೂಗಲ್‌ಗೆ ಹೋಗುವ ಎಚ್‌ಟಿಟಿಪಿ ವಿನಂತಿ, ಅಂದರೆ ಇಂಟರ್ನೆಟ್ ಮೂಲಕ ಬರಹ ಕಳಿಸಿ ದನಿ ಕೇಳುವ ಕೋರಿಕೆ. ಮೊದಲು ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ಮಾಡಿ, ಬಿಲ್ಲಿಂಗ್ ಖಾತೆ ಜೋಡಿಸಿ, ಟೆಕ್ಸ್ಟ್-ಟು-ಸ್ಪೀಚ್ ಸೇವೆಯನ್ನು ಚಾಲೂ ಮಾಡಬೇಕು. 403 ಎಂಬ ದೋಷ ಬಂದರೆ ಈ ಚಾಲೂ ಮಾಡುವುದನ್ನು ಮರೆತಿದ್ದೀರಾ ಎಂದು ಮೊದಲು ನೋಡಿ. ಸೇವೆ ಬಳಸಲು ಗೂಗಲ್ ಕೊಡುವ ಗುಪ್ತ ಕೀಲಿಯನ್ನು (ಎಪಿಐ ಕೀ) ಈ ಒಂದೇ ಸೇವೆಗೆ ಸೀಮಿತಗೊಳಿಸಿ. ಭಾಷೆ 'ಕೆ ಎನ್, ಅಡ್ಡಗೆರೆ, ಐ ಎನ್'. ವೇಗ 0.9 ಇರಲಿ, ಮಿಕ್ಸರಿನ ಸದ್ದಿನ ನಡುವೆ ನಿಧಾನ ಒಳ್ಳೆಯದು. ಮೈಕ್ರೋಸಾಫ್ಟ್ ಅಝೂರ್‌ನಲ್ಲೂ ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳಿವೆ. ಒಂದೇ ವಾಕ್ಯವನ್ನು ಎರಡೂ ಕಡೆ ಓದಿಸಿ, ಕೇಳುವ ಮೇಸ್ತ್ರಿಯೇ ಆರಿಸಲಿ.

ಗೂಗಲ್ ಒಂದು ಸಲಕ್ಕೆ ಒಪ್ಪುವುದು 5,000 ಬೈಟ್. ಅಕ್ಷರವಲ್ಲ, ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತ, ಹದಿನೈದು ಬೈಟ್. ಹಾಗಾಗಿ ಮಿತಿ ಸುಮಾರು 1,600 ಸಂಕೇತಗಳಿಗೆ ಬಂದು ನಿಲ್ಲುತ್ತದೆ. ದಾಟಿದರೆ 400 ಎಂಬ ದೋಷ. ನಿಜ ಹೇಳಬೇಕೆಂದರೆ, ಸೈಟಿನ ಸಂದೇಶ ಅಷ್ಟು ಉದ್ದವಾಗಿದ್ದರೆ ತಪ್ಪು ಗೂಗಲ್‌ನದಲ್ಲ. ಇಪ್ಪತ್ತು ಸೆಕೆಂಡು ದಾಟಿದ ಸೂಚನೆಯ ಮೊದಲರ್ಧ ಕೇಳುವಷ್ಟರಲ್ಲಿ ಮರೆತಿರುತ್ತದೆ.

ಕಾರ್ಡಿನಲ್ಲಿ ಯಾರೋ ಉದ್ಧರಣ ಚಿಹ್ನೆ ಹಾಕಿದ್ದರೆ, ಎಂಟರ್ ಒತ್ತಿ ಹೊಸ ಸಾಲು ಮಾಡಿದ್ದರೆ, ವಿನಂತಿಯ ಜೇಸನ್, ಅಂದರೆ ಮಾಹಿತಿ ಕಳಿಸುವ ನಿಗದಿತ ಬರಹದ ರೂಪ, ಮುರಿಯುತ್ತದೆ. ನಿನ್ನೆ ಓಡಿದ್ದು ಇಂದು ನಿಂತಿತು ಎನ್ನುವ ದೂರುಗಳಲ್ಲಿ ಬಹಳಷ್ಟು ಇದೇ. ಬರಹವನ್ನು 'ಜೇಸನ್ ಸ್ಟ್ರಿಂಗಿಫೈ' ಎಂಬ ಸೂತ್ರದೊಳಗಿಟ್ಟು ಕಳಿಸಿದರೆ ಮುಗಿಯಿತು. ವಾಕ್ಯಗಳ ನಡುವೆ ಅರ್ಧ ಸೆಕೆಂಡಿನ ನಿಲುಗಡೆಗೆ ಎಸ್‌ಎಸ್‌ಎಂಎಲ್ (ಹೇಗೆ ಓದಬೇಕೆಂದು ದನಿಗೆ ಹೇಳುವ ಗುರುತುಗಳು) ಬಳಸುವವರು ಆ್ಯಂಪರ್‌ಸ್ಯಾಂಡ್ ಚಿಹ್ನೆಯನ್ನು 'ಮತ್ತು' ಎಂದು ಬದಲಿಸಿಕೊಳ್ಳಿ. ಅದೊಂದೇ ಚಿಹ್ನೆ ಇಡೀ ಸಂದೇಶವನ್ನು ತಿರಸ್ಕರಿಸಲು ಸಾಕು.

ಗೂಗಲ್‌ನಿಂದ ಹಿಂದೆ ಬರುವುದು ಹಾಡುವ ಫೈಲ್ ಅಲ್ಲ. ಬೇಸ್ 64 ಎಂಬ ರೂಪದ ಉದ್ದ ಅಕ್ಷರಮಾಲೆ. 'ಕನ್ವರ್ಟ್ ಟು ಫೈಲ್' ಕೊಂಡಿಯಲ್ಲಿ ಅದನ್ನು ಎಂಪಿ3 ಮಾಡಿ, ಟೆಲಿಗ್ರಾಂನ 'ಸೆಂಡ್ ಆಡಿಯೊ'ಗೆ ಕೊಡಿ. ಎಂಪಿ3 ಸೆಕೆಂಡಿಗೆ 32 ಕಿಲೊಬಿಟ್‌ನಲ್ಲಿ ಬರುವುದರಿಂದ ಇಪ್ಪತ್ತು ಸೆಕೆಂಡಿಗೆ 80 ಕಿಲೊಬೈಟ್ ಆಗುತ್ತದೆ. ಸಿಗ್ನಲ್ ಕುಂಟುವ ಜಾಗದಲ್ಲೂ ಇಳಿಯುತ್ತದೆ. ಆಡಿಯೊ ಕೆಳಗಿನ ಶೀರ್ಷಿಕೆಯಲ್ಲಿ ಅದೇ ವಾಕ್ಯವನ್ನು ಬರಹದಲ್ಲೂ ಹಾಕಿ. ಅಳತೆಯ ಬಗ್ಗೆ ಜಗಳ ಬಂದಾಗ ನೋಡಲು ಬೇಕಾಗುತ್ತದೆ.

ದಿನಕ್ಕೆ ನಲವತ್ತು ಕಾರ್ಡು, ಕಾರ್ಡಿಗೆ 250 ಸಂಕೇತ, ತಿಂಗಳಿಗೆ 26 ದಿನ ಎಂದರೆ 2,60,000. ಗೂಗಲ್‌ನ ಸ್ಟ್ಯಾಂಡರ್ಡ್ ದನಿಯ ಉಚಿತ ಮಿತಿ ತಿಂಗಳಿಗೆ 40 ಲಕ್ಷ. ಹಾಗಿದ್ದರೂ ಬಿಲ್ಲಿಂಗ್‌ನಲ್ಲಿ ಎಚ್ಚರಿಕೆಯ ಗಂಟೆ ಕಟ್ಟಿಡಿ.

ಪರೀಕ್ಷೆಯಲ್ಲಿ ಓಡಿ ಆಮೇಲೆ ಓಡದಿದ್ದರೆ, ವರ್ಕ್‌ಫ್ಲೋವನ್ನು, ಅಂದರೆ ಕೊಂಡಿಗಳ ಈ ಸರಪಳಿಯನ್ನು, ಚಾಲೂ ಮಾಡಿದ್ದೀರಾ ನೋಡಿ: ಹಳೆಯ ಆವೃತ್ತಿಗಳಲ್ಲಿ ಅದು 'ಆ್ಯಕ್ಟಿವ್', ಹೊಸದರಲ್ಲಿ 'ಪಬ್ಲಿಶ್'. ಟ್ರೆಲ್ಲೊ ಸುದ್ದಿ ಕಳಿಸುವ ವಿಳಾಸ ಪರೀಕ್ಷೆಗೆ ಬೇರೆ, ನಿಜದ ಕೆಲಸಕ್ಕೆ ಬೇರೆ. ಮನೆಯ ಲ್ಯಾಪ್‌ಟಾಪಿನಲ್ಲಿ 'ಲೋಕಲ್‌ಹೋಸ್ಟ್' ಮೇಲೆ, ಅಂದರೆ ಆ ಯಂತ್ರದೊಳಗೆ ಮಾತ್ರ ಸಿಗುವ ವಿಳಾಸದಲ್ಲಿ, ಓಡಿಸುತ್ತಿದ್ದರೆ ಹೊರಗಿನ ಟ್ರೆಲ್ಲೊಗೆ ಆ ಬಾಗಿಲು ಕಾಣುವುದೇ ಇಲ್ಲ. ಒಂದೇ ಕಾರ್ಡನ್ನು ಆಚೀಚೆ ಎಳೆದಾಡಿ ಮೂರು ಸಲ ದನಿ ಹೋಗದಂತೆ, ಕಳಿಸಿದ ಮೇಲೆ 'ದನಿ ಹೋಗಿದೆ' ಎಂಬ ಲೇಬಲ್ ಅಂಟಿಸಿ, ಕಾರ್ಡ್ ತರಿಸಿದೊಡನೆ ಆ ಲೇಬಲ್ ಇದೆಯೇ ಎಂದು ನೋಡಿ. ಎಲ್ಲ ಸರಿಯಿದ್ದೂ ಟೆಲಿಗ್ರಾಂ ಸಂದೇಶವನ್ನು ತಿರಸ್ಕರಿಸಿದರೆ, ಗುಂಪು ಸೂಪರ್‌ಗ್ರೂಪ್ ಎಂಬ ದೊಡ್ಡ ಬಗೆಯ ಗುಂಪಾಗಿ ಬಡ್ತಿ ಪಡೆದಿರಬಹುದು. ಆಗ ಗುಂಪಿನ ಸಂಖ್ಯೆಯೇ ಬದಲಾಗಿರುತ್ತದೆ: ಹೊಸದು ಮೈನಸ್ ನೂರರಿಂದ ಶುರುವಾಗುತ್ತದೆ, ಅದನ್ನು ಹಳೆಯದರ ಜಾಗದಲ್ಲಿ ಬರೆದುಬಿಡಿ.

ನಮಸ್ಕಾರ.