ಬೆನ್ನ ಹಿಂದಿನ ಪರದೆ

ಕೇಳುಗರೇ, ನಮಸ್ಕಾರ.

ಆನ್‌ಲೈನ್ ಮೀಟಿಂಗ್ ಶುರುವಾಗುತ್ತದೆ. ಒಬ್ಬರು ಸಮುದ್ರದ ದಂಡೆಯಲ್ಲಿ ಕೂತಿದ್ದಾರೆ. ಇನ್ನೊಬ್ಬರ ಹಿಂದೆ ದೊಡ್ಡ ಲೈಬ್ರರಿ. ಮತ್ತೊಬ್ಬರ ಹಿಂದೆ ಬರೀ ಮಸುಕು. ಇದೆಲ್ಲ ಸುಳ್ಳು, ಕಂಪ್ಯೂಟರ್ ಬೆನ್ನ ಹಿಂದೆ ಕೂರಿಸಿದ ಚಿತ್ರ ಅಂತ ಎಲ್ಲರಿಗೂ ಗೊತ್ತು. ಆದರೂ ಯಾರೂ ಕೇಳುವುದಿಲ್ಲ, ಅಲ್ವಾ?

ಶೋಕಿಗೆ ಹಾಕಿಕೊಳ್ಳುತ್ತಾರೆ ಅನ್ನುವವರಿದ್ದಾರೆ. ಕೆಲವರ ಮಟ್ಟಿಗೆ ನಿಜ ಇರಬಹುದು. ನನಗೆ ಅನ್ನಿಸುವುದೇ ಬೇರೆ. 2020ರಲ್ಲಿ ಕೊರೊನಾ ಬಂದು ಆಫೀಸು ಮನೆಯೊಳಗೆ ನುಗ್ಗಿತು. ಅದಕ್ಕೂ ಮುಂಚೆ ಮನೆಗೆ ಬಂದವರು ಬೆಲ್ ಒತ್ತಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ನಾವು ಕುರ್ಚಿ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ಒಳಗೆ ಎಸೆದು, ನಗುನಗುತ್ತಾ ಬಾಗಿಲು ತೆಗೆಯುತ್ತಿದ್ದೆವು. ಕ್ಯಾಮೆರಾ ಬೆಲ್ ಒತ್ತುವುದಿಲ್ಲ. ಸೀದಾ ಮಲಗುವ ಕೋಣೆಗೇ ಬಂದುಬಿಡುತ್ತದೆ. ಮಂಚದ ತುದಿಯಲ್ಲಿ ಲ್ಯಾಪ್‌ಟಾಪ್, ಹಿಂದೆ ಮಡಚದ ಬಟ್ಟೆ ರಾಶಿ, ಪಕ್ಕದಲ್ಲಿ ಮಲಗಿದ ಮಗು. ಮ್ಯಾನೇಜರಿಗೆ ಓದುವುದಕ್ಕೇ ಬೇರೆ ಕೋಣೆ ಇರುತ್ತದೆ. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೆ ಇರುವುದೇ ಒಂದು ಕೋಣೆ, ಅದರಲ್ಲೂ ಮೂವರು. ಹಿಂದೆ ಒಂದು ಚಿತ್ರ ಹಾಕಿಕೊಂಡರೆ ಅವನೂ ಇವರೂ ಒಂದೇ. ಜೂಮ್‌ನಲ್ಲಿ ಈ ಸೌಲಭ್ಯ ಆಗಲೇ ಇತ್ತು. ಟೀಮ್ಸ್‌ನಲ್ಲಿ, ಗೂಗಲ್ ಮೀಟ್‌ನಲ್ಲಿ ಹಿಂದೆ ಚಿತ್ರ ಹಾಕುವ ಅನುಕೂಲ ಬಂದದ್ದು ಅದೇ 2020ರಲ್ಲಿ.

ಸಿನಿಮಾದವರು ಇದಕ್ಕೆ ಹಸಿರು ಬಟ್ಟೆ ಕಟ್ಟುತ್ತಾರೆ. ನಮ್ಮ ಮೈಬಣ್ಣದಲ್ಲಿ ಆ ಹಸಿರು ಇಲ್ಲವಲ್ಲ, ಹಸಿರು ಇದ್ದ ಕಡೆಯೆಲ್ಲ ಬೇರೆ ಚಿತ್ರ ಕೂರಿಸುತ್ತಾರೆ. ಲ್ಯಾಪ್‌ಟಾಪ್‌ಗೆ ಬಟ್ಟೆ ಬೇಡ. ರಾಶಿ ರಾಶಿ ಚಿತ್ರ ನೋಡಿ ಕಲಿತ ಪ್ರೋಗ್ರಾಮ್ ಒಂದು ಅದರೊಳಗಿದೆ. ಇದು ಮನುಷ್ಯ, ಇದು ಗೋಡೆ ಅಂತ ಪ್ರತಿ ಫ್ರೇಮಿನಲ್ಲೂ ಊಹಿಸಿ ಕತ್ತರಿಸುತ್ತದೆ. ಹಳೇ ಲ್ಯಾಪ್‌ಟಾಪ್‌ನ ಫ್ಯಾನು ಆಗ ಜಾಸ್ತಿ ಕೂಗುವುದು ಈ ದುಡಿತಕ್ಕೇ.

ಊಹೆ ಅಂದಮೇಲೆ ತಪ್ಪಲೇಬೇಕು. ಒಮ್ಮೆ ಮೀಟಿಂಗ್‌ನಲ್ಲಿ ಒಂದು ಪುಸ್ತಕ ಎತ್ತಿ ತೋರಿಸಿದೆ. ಪುಸ್ತಕ ಮಾಯ! ನನ್ನ ಬೆರಳು ಸುಮ್ನೆ ಗಾಳಿ ಹಿಡಿದು ನಿಂತಿತ್ತು. ಅದೇ ಹೊತ್ತಿಗೆ ಅಮ್ಮ ಹಿಂದಿನಿಂದ ನೀರಿನ ಲೋಟ ತಂದರು. ಅವರನ್ನು ಮಾತ್ರ ಅದು ಸರಿಯಾಗಿ ಗುರುತಿಸಿತು. ಗುಡ್ಡದ ಚಿತ್ರದ ನಡುವಿನಿಂದ ಅಮ್ಮನ ಅರ್ಧ ಮುಖ ಹೊರಗೆ ಬಂತು, ಲೋಟ ಬರಲಿಲ್ಲ. ಎಲ್ಲರೂ ನಕ್ಕರು. ಅಮ್ಮ ಗಾಬರಿಯಾಗಿ ತಲೆಗೂದಲು ಸರಿಮಾಡಿಕೊಂಡರು.

ಈಗ ನಾನು ಗುಡ್ಡ ಬಿಟ್ಟು ಬರೀ ಮಸುಕು ಹಾಕುತ್ತೇನೆ. ಅಮ್ಮ ಬಾಗಿಲ ಹೊರಗೇ ನಿಂತು, "ನಾನು ಬಂದ್ರೆ ಕಾಣ್ತೀನೇನೋ?" ಅಂತ ಪಿಸುಗುಟ್ಟಿ, ನಾನು ತಲೆ ಆಡಿಸಿದ ಮೇಲೆ ಒಳಗೆ ಬರುತ್ತಾರೆ.