ಮರ ನಿನಗೆ ಮರೆ, ನನಗೆ ಮನೆ

ನಮಸ್ಕಾರ. ಇವತ್ತು ಅಡಿಕೆ ರೇಟಿನ ಬಗ್ಗೆ ಮಾತಾಡುವುದು ಅಂತ ಇತ್ತು. ಬರೆದದ್ದು ಮೇಜಿನ ಮೇಲೆಯೇ ಉಂಟು, ಅದು ಇನ್ನೊಂದು ದಿನಕ್ಕಿರಲಿ. ಮಧ್ಯಾಹ್ನ ಗೆಳೆಯನೊಬ್ಬನ ಚಿತೆಗೆ ಬೆಂಕಿ ಕೊಟ್ಟಾಯಿತು. ಸ್ನಾನ ಮಾಡಿ ಬಂದು ಕೂತಿದ್ದೇನೆ, ತಲೆ ಇನ್ನೂ ಆರಿಲ್ಲ. ಹೊರಗೆ ಆಟಿಯ ಮಳೆ, ಹಂಚಿನ ಮೇಲೆ ಬೀಳುವ ಸದ್ದು ಮೈಕಿಗೂ ಕೇಳೀತು. ಸುಧಾರಿಸಿಕೊಳ್ಳಿ.

ಅವನ ಹೆಸರು ಹೇಳುವುದಿಲ್ಲ. ಮನೆಯವರನ್ನು ಕೇಳಲಿಲ್ಲ, ಕೇಳುವ ದಿನವೂ ಅಲ್ಲ.

ಅಡಿಕೆಗೆ ಮದ್ದು ಬಿಡುವವ. ಕಾಸರಗೋಡಿನ ಈಚೆಯವರಿಗೆ ಇಷ್ಟು ಹೇಳಿದರೆ ಸಾಕು, ದೂರದಲ್ಲಿ ಕೇಳುತ್ತಿರುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಎಳೆಕಾಯಿ ಕೊಳೆತು ಉದುರುತ್ತದೆ, ಕೊಳೆರೋಗ. ಅದಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಒಬ್ಬ ಕೆಳಗೆ ಪಂಪಿನ ಹತ್ತಿರ, ಇನ್ನೊಬ್ಬ ಕಾಲಿಗೆ ತಳೆ ಹಾಕಿ ಮರದ ತುದಿಯಲ್ಲಿ. ಒಂದು ಮರ ಮುಗಿದರೆ ಇಳಿಯುವುದಿಲ್ಲ. ಮರವನ್ನು ತೂಗಿ, ಪಕ್ಕದ್ದನ್ನು ಹಿಡಿದು, ಅಲ್ಲಿಂದಲೇ ದಾಟುವುದು. ನಮ್ಮವ ದಾಟುವಾಗ ಸುಮ್ಮನೆ ದಾಟುತ್ತಿರಲಿಲ್ಲ. ತಾಳಮದ್ದಳೆಯ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾ ದಾಟುತ್ತಿದ್ದ! ಅರ್ಧ ತೋಟಕ್ಕೆ ಕೌರವ, ಉಳಿದರ್ಧಕ್ಕೆ ಕರ್ಣ. ಕೆಳಗೆ ಪಂಪಿನವ ನಕ್ಕು ನಕ್ಕು ಕೈ ಬಿಟ್ಟು, ಮೇಲೆ ಮದ್ದು ಬಾರದೆ, ಅದಕ್ಕೊಂದು ಬೈಗಳು ತುಳುವಿನಲ್ಲಿ. ಅರ್ಥ ಮಾತ್ರ ಅಚ್ಚ ಕನ್ನಡದಲ್ಲಿ.

ಮದ್ದು ಅಂದರೆ ನಮ್ಮ ಕಡೆ ಇನ್ನೊಂದು ನೆನಪೂ ಉಂಟು. ಎಣ್ಮಕಜೆಯ ಗುಡ್ಡಗಳ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎರಡು ದಶಕ ಸುರಿದ ಎಂಡೋಸಲ್ಫಾನ್ ಕೀಟನಾಶಕ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ, ಆಗಬೇಕಾದ್ದೆಲ್ಲ ಆಗಿ ಹೋದ ಮೇಲೆ. ಇವನು ಸಣ್ಣವನಿರುವಾಗ ಆ ಹೆಲಿಕಾಪ್ಟರಿಗೆ ಕೈ ಬೀಸಿದವ. ಯಾರಾದರೂ 'ಹೊಸ ಔಷಧಿ ಬಂದಿದೆ, ಒಂದೇ ಸಲ ಬಿಟ್ಟರೆ ಸಾಕಂತೆ' ಅಂದರೆ ತಳೆ ಹೆಗಲಿಗೆ ಹಾಕಿ ಮನೆಗೆ ಹೊರಟುಬಿಡುತ್ತಿದ್ದ. ನಾನೂ ಹಾಗೆ ಹೇಳಿ ಬೈಸಿಕೊಂಡವನೇ. ಆ ವರ್ಷ ನನ್ನ ತೋಟಕ್ಕೆ ಅವನು ಬರಲಿಲ್ಲ.

ಒಂದಲ್ಲ ಒಂದು ದಿನ ಮರದಿಂದ ಬೀಳುತ್ತಾನೆ ಅಂತ ಎಲ್ಲರೂ ಒಳಗೊಳಗೆ ಹೆದರಿದ್ದೆವು. ಬೀಳಲಿಲ್ಲ. ರಾತ್ರಿ ಊಟ ಮಾಡಿ ಕೈ ತೊಳೆಯುವಾಗ ಎದೆನೋವು. ಅಷ್ಟೆ.

ಬೆಳಗಾಗುವಾಗ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಂದಿತ್ತು. ಕಪ್ಪು ಅಂಚು, ಮಲಯಾಳದಲ್ಲಿ ದೊಡ್ಡದಾಗಿ 'ಆದರಾಂಜಲಿಗಳ್', ಕೆಳಗೆ ಸಣ್ಣದಾಗಿ ಕನ್ನಡದಲ್ಲಿ 'ಮೃದುಭಾಷಿ, ಅಜಾತಶತ್ರು'. ಮಲಯಾಳದ ಬಗ್ಗೆ ನನ್ನ ತಕರಾರಿಲ್ಲ, ಕ್ಲಬ್ಬಿನ ಹುಡುಗರು ರಾತ್ರಿ ನಿದ್ದೆ ಬಿಟ್ಟು ಮಾಡಿದ್ದು. ಅವನಿಗೂ ಇರುತ್ತಿರಲಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು, ಆಚೆಯವರಿಗೆ ಅದೇ ದಿನ ರಾಜ್ಯೋತ್ಸವ. 'ಆ ದಿವಸ ನಾನು ಮರದ ತುದಿಯಲ್ಲಿರುತ್ತೇನೆ ಮಾರಾಯ, ಅಲ್ಲಿಂದ ಎರಡೂ ಕಾಣ್ತದೆ' ಅನ್ನುತ್ತಿದ್ದ. ನನ್ನ ತಕರಾರು ಆ ಕನ್ನಡದ ಎರಡು ಶಬ್ದಗಳ ಮೇಲೆ. ಮತ್ತೆ ಫೋಟೋದ ಮೇಲೆ. ಬಾಯಿ ಮುಚ್ಚಿದ ಅವನ ಫೋಟೋ ಲೋಕದಲ್ಲಿ ಒಂದೇ ಇದ್ದದ್ದು, ರೇಶನ್ ಕಾರ್ಡಿಗೆ ತೆಗೆಸಿದ್ದು. ಹುಡುಕಿ ಹುಡುಕಿ ಅದನ್ನೇ ಹಾಕಿದ್ದಾರೆ.

ಮೃದುಭಾಷಿಯಂತೆ! ಅವನು ಗುಟ್ಟು ಹೇಳಿದರೆ ತೋಡಿನ ಆಚೆ ಬದಿಗೆ ಕೇಳುತ್ತಿತ್ತು. ಅಜಾತಶತ್ರುವಂತೆ. ಊರಿನ ಕಾಲು ಭಾಗ ಜನರ ಹತ್ತಿರ ಅವನಿಗೆ ಮಾತಿರಲಿಲ್ಲ, ಆ ಕಾಲು ಭಾಗವೂ ಇವತ್ತು ಮಳೆಯಲ್ಲಿ ನೆನೆದುಕೊಂಡು ಬಂದು ಅಂಗಳದಲ್ಲಿ ನಿಂತಿತ್ತು. ಜಗಳವೇ ಇಲ್ಲದವನಾಗಿದ್ದರೆ ಅವರು ಬರುತ್ತಿದ್ದರಾ? ನನಗೇನೋ ಸಂಶಯ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಹಿರಿಯರು ಹೇಳುವುದು ಸರಿ. ಆದರೆ ನಾವು ಮಾಡುವುದು ಬೇರೆ. ಸತ್ತ ಮರುಗಳಿಗೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿ ತೊಡಿಸುತ್ತೇವೆ. ಸರಳ, ಸಜ್ಜನ, ಮಿತಭಾಷಿ. ಆ ಅಂಗಿಯೊಳಗೆ ನಮ್ಮವ ಎಲ್ಲಿ ಅಂತ ಹುಡುಕಬೇಕು. ಅವನ ಹೆಂಡತಿಯ ಹತ್ತಿರ ಯಾರೋ 'ತುಂಬ ಒಳ್ಳೆಯವರು' ಅಂದರು. ಆಕೆ ಅಳುತ್ತಿದ್ದವರು ತಲೆ ಎತ್ತಿ, 'ಎಂತ ಒಳ್ಳೆಯವರು? ಉಪ್ಪು ತರ್ಲಿಕ್ಕೆ ಹೋದವರು ಬಯಲಾಟ ಉಂಟೂಂತ ಕೂತು ಮರುದಿನ ಬಂದದ್ದು. ಉಪ್ಪೂ ಇಲ್ಲ' ಅಂದರು. ಅಂದು ನಕ್ಕರು, ಆಮೇಲೆ ಇನ್ನಷ್ಟು ಜೋರಾಗಿ ಅತ್ತರು. ಬೆಳಗಿನಿಂದ ಆ ಅಂಗಳದಲ್ಲಿ ಅವನ ಬಗ್ಗೆ ಬಂದ ಮೊದಲ ನಿಜವಾದ ಮಾತು ಅದು.

ನನ್ನದೂ ಒಂದು ಇರಲಿ. ಮೂರು ವರ್ಷದ ಹಿಂದೆ, ಇಂಥದೇ ಮಳೆಯ ರಾತ್ರಿ, ಊರಿನ ಭಜನಾ ಮಂದಿರದಲ್ಲಿ ತಾಳಮದ್ದಳೆ. ಅವನದು ವಾಲಿ, ನನ್ನದು ರಾಮ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನು ಯಕ್ಷಗಾನ ಪ್ರಸಂಗ ಮಾಡಿ ಹೋದ ಸೀಮೆ ಇದು, ವಾಲಿಗೂ ರಾಮನಿಗೂ ನ್ಯಾಯ ಇಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ ಮುಗಿದ ಮೇಲೆ ಕೂತಲ್ಲಿಯೇ ಬಾಯಿಗೆ ಬಂದದ್ದು ಮಾತು, ಎದುರಿನವ ಎಂತ ಹೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ನಾನು ಎರಡು ದಿನ ಓದಿಕೊಂಡು ಹೋಗಿದ್ದೆ. ಧರ್ಮಸೂಕ್ಷ್ಮ, ರಾಜಧರ್ಮ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ದೋಷ, ಎಲ್ಲ ಹೇಳಿ ಮುಗಿಸಿದೆ. ಬಾಣ ತಿಂದ ವಾಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲ, ಅವನ ಜನ್ಮದಲ್ಲಿ ಒಮ್ಮೆ ಮೆಲ್ಲ, 'ರಾಮಾ, ಮರದ ಹಿಂದೆ ಯಾಕೆ ನಿಂತೆ? ಮರ ನಿನಗೆ ಮರೆ. ನನಗೆ ಮನೆ' ಅಂದ.

ಮಂದಿರದಲ್ಲಿ ಗಲಾಟೆಯೋ ಗಲಾಟೆ. ಮರ ಹತ್ತಿ ಹೊಟ್ಟೆ ಹೊರೆಯುವವ, ವಾಲಿಯ ಬಾಯಲ್ಲಿ, ತೋಟ ಇರುವ ರಾಮನಿಗೆ ಹೇಳಿದ್ದು ಎಲ್ಲರಿಗೂ ಅರ್ಥ ಆಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾಗವತರೇ ಮುಂದಿನ ಪದ ಎತ್ತಿ ನನ್ನ ಮಾನ ಉಳಿಸಿದರು. ಆಮೇಲೆ ಎಲ್ಲಿ ಸಿಕ್ಕಿದರೂ, ಸಂತೆಯಲ್ಲಾಗಲಿ ಮದುವೆಯಲ್ಲಾಗಲಿ, 'ಸ್ವಾಮೀ, ಉತ್ತರ ಬಂತಾ?' ಅಂತ ಕೂಗುತ್ತಿದ್ದ.

ಇವತ್ತು ಅವನ ಮನೆಯ ಹಿಂದಿನ ಮಾವಿನ ಮರ ಕಡಿದರು. ಮಳೆಗೆ ಮೇಲೊಂದು ತಗಡು ಕಟ್ಟಿ, ತೆಂಗಿನ ಗೆರಟೆ ರಾಶಿ ಹಾಕಿ, ಹಸಿ ಸೌದೆ ಒಟ್ಟಿದರು. ಮುಖದ ಮೇಲೆ ಕೊನೆಯ ತುಂಡು ಇಡುವಾಗ ಉತ್ತರ ಹೊಳೆಯಿತು. 'ನೋಡು, ಮರ ಈಗ ನಿನಗೂ ಮರೆ ಆಯಿತಲ್ಲ ಮಾರಾಯ.' ಮನಸ್ಸಿನಲ್ಲಿ ಅಲ್ಲ, ಬಾಯಿ ಬಿಟ್ಟೇ ಹೇಳಿದೆ. ಹತ್ತಿರ ಇದ್ದವರು ತಿರುಗಿ ನೋಡಿದರು.

ಎದುರು ಮಾತಿಗೆ ಸ್ವಲ್ಪ ಹೊತ್ತು ಕಾದೆ.